ಕುಂಕುಮದ ಹಿಂದಿನ ಕೆಂಪು ದೀಪ

ಮೊಮ್ಮಗಳು ಕಾರು ತಂದಿದ್ದಾಳೆ. ದಹಿಸರಿನ ನಮ್ಮ ಬಿಲ್ಡಿಂಗಿನಲ್ಲಿ ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ಲಿಫ್ಟಿನ ಹತ್ತಿರ ನನ್ನನ್ನು ಕಂಡವರು ತಾವೇ ಮೊದಲು "ನೋಡಿದೆವು ಅಜ್ಜಿ, ಬಿಳಿ ಕಾರು, ಚಲೋ ಇದೆ" ಎಂದುಬಿಡುತ್ತಾರೆ. ಆದರೂ ಹೇಳುತ್ತೇನೆ. ಹಾಲಿನವನಿಗೆ ಹೇಳಿದೆ, ಇಸ್ತ್ರಿಯವನಿಗೆ ಹೇಳಿದೆ. ವಾಚ್‌ಮನ್‌ಗೂ ಹೇಳಿದೆ, ಗೇಟು ತೆಗೆದು ಕಾರನ್ನು ಒಳಗೆ ಬಿಟ್ಟವನೇ ಅವನು, ಆದರೂ ಪಾಪ, ಈಗಷ್ಟೇ ಕೇಳುತ್ತಿರುವವನ ಹಾಗೆ ಪೂರ್ತಿ ಕೇಳಿಸಿಕೊಂಡ. ನನ್ನ ಮಗಳ ಮಗಳು. ತಾನೇ ದುಡಿದು ತಂದದ್ದು. ತಾನೇ ಓಡಿಸುತ್ತಾಳೆ. ಬರೆಯುತ್ತಿದ್ದರೆ ಮತ್ತೊಮ್ಮೆ ಹೇಳಿದ ಹಾಗಾಗಿ ಇನ್ನೂ ಖುಷಿಯಾಗುತ್ತಿದೆ.

ಮೊದಲ ದಿನ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನೇ ಬಗ್ಗಿ ಬೆಲ್ಟು ಕಟ್ಟಿ, ಕೀಲಿ ತಿರುಗಿಸಿದಳು. ಸ್ಟೇರಿಂಗಿನ ಹಿಂದಿನ ಗಾಜಿನಲ್ಲಿ ಸಾಲಾಗಿ ದೀಪ ಹತ್ತಿದವು. ಅವುಗಳಲ್ಲಿ ಒಂದು ಕೆಂಪು. ಅದರಲ್ಲಿ ಗಿಂಡಿಯ ಹಾಗೆ ಒಂದು ಚಿತ್ರ. ಎಂಜಿನ್ನು ಶುರುವಾಗುವ ಮೊದಲೇ ಅವಳ ಕೈ ಗೇರಿನ ಮೇಲೆ ಹೋಯಿತು.

"ತಡಿ," ಎಂದೆ. "ಆ ಗಿಂಡಿ ಆರಲಿ."

"ಅದು ಆರ್ತದಾ?" ಎಂದಳು. ಶುರು ಮಾಡಿದಳು. ಆರಿತು. ನನ್ನ ಕಡೆ ತಿರುಗಿ ನೋಡಿದಳು. "ಅಜ್ಜಿ, ತುಝೆ ಕೈಸೇ ಮಾಲೂಮ್? ನಿನಗೆ ಹೇಗೆ ಗೊತ್ತು? ನಮ್ಮ ಡ್ರೈವಿಂಗ್ ಕ್ಲಾಸ್‌ನಲ್ಲಿ ಅಂತೂ ಹೇಳಿಲ್ಲ."

"ನಿಮ್ಮ ಅವ್ವ ನನ್ನ ಹತ್ರ ಉಳದದ್ದ ಆ ದೀಪದಿಂದ," ಎಂದೆ.

ಅಜ್ಜಿ ಏನೋ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕು ಗಾಡಿ ಹೊರಡಿಸಿದಳು. ಬೋರಿವಲಿಯ ತನಕ ಹೋಗಿ ಬಂದೆವು. ದಾರಿಯಲ್ಲಿ ಹೇಳಲಿಲ್ಲ. ಅವಳ ಕಣ್ಣು ರಸ್ತೆಯ ಮೇಲೇ ಇರಲಿ ಎಂದು ಬಿಟ್ಟೆ. ಈಗ ಬರೆದಿಡುತ್ತೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳ ಅವ್ವ ಓದಿ ಹೇಳಲಿ. ಅವಳ ಅವ್ವನಿಗೂ ಇದು ಪೂರ್ತಿ ಗೊತ್ತಿಲ್ಲ. ಆಗ ಅವಳು ನಡೆಯಲು ಸಹ ಕಲಿತಿರಲಿಲ್ಲ.

ನಾನು ಬಿಜಾಪುರದ ಕಡೆಯವಳು. ನಾಲ್ಕನೆಯ ಇಯತ್ತೆಗೆ ಶಾಲೆ ಮುಗಿಯಿತು. ಅರವತ್ತರ ದಶಕ ಮುಗಿಯುತ್ತಿದ್ದಾಗ ಮದುವೆಯಾಗಿ ಮುಂಬಯಿಗೆ, ಬೈಕುಲ್ಲಾದ ಒಂದು ಚಾಳಿಗೆ ಬಂದೆ. ನನ್ನ ಅಣ್ಣ ಅದೇ ಚಾಳಿನಲ್ಲಿ ಮೊದಲಿನಿಂದ ಇದ್ದ. ಚಾಳಿನ ಕೆಳಗಿನ ಗಲ್ಲಿಯಲ್ಲಿ ಒಂದು ಗ್ಯಾರೇಜು. ಅಣ್ಣ ಅಲ್ಲಿ ಮಿಸ್ತ್ರಿ, ಎಂಜಿನ್ ಬಿಚ್ಚಿ ಕಟ್ಟುವ ಕೆಲಸ. ನನ್ನ ಯಜಮಾನರು ಡ್ರೈವರು. ಇಬ್ಬರೂ ಸೇರಿ ಒಂದು ಹಳೆಯ ಕಪ್ಪು-ಹಳದಿ ಟ್ಯಾಕ್ಸಿ ತೆಗೆದುಕೊಂಡಿದ್ದರು. ಒಬ್ಬರು ಓಡಿಸುವುದು, ಒಬ್ಬರು ರಿಪೇರಿ ಮಾಡುವುದು. ಯಾರ ಕೆಲಸ ದೊಡ್ಡದು ಎಂದು ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಜಗಳ ಆಡುವರು. "ನಾ ಓಡಿಸಿದ್ರ ನಿನಗ ಅನ್ನ" ಎಂದು ಇವರು, "ನಾ ನೋಡ್ಕೊಂಡ್ರ ಅದು ಓಡೋದು" ಎಂದು ಅವನು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಒಂದು ಮಳೆಗಾಲದಲ್ಲಿ ಯಜಮಾನರಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಸೇರಿಸಿದೆವು. ತಿರುಗಿ ಬರಲಿಲ್ಲ. ಕೂಸು ಆಗಿನ್ನೂ ಅಂಬೆಗಾಲಿಡುತ್ತಿತ್ತು.

ಅದರ ಮುಂದಿನ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ನನಗೆ ಏನೂ ಆಗುತ್ತಿರಲಿಲ್ಲ. ದುಃಖವೆಂದು ಎಲ್ಲರೂ ಹೇಳುವ ಆ ದುಃಖವೂ ಇರಲಿಲ್ಲ. ಅಳು ಬರಲಿಲ್ಲ. ಬಳೆ ತೆಗೆದರು, ಕುಂಕುಮ ಒರೆಸಿದರು, ತಲೆಯ ಮೇಲೆ ನೀರು ಹಾಕಿದರು. ಬೇರೆ ಯಾರದೋ ಮೈಗೆ ಮಾಡುತ್ತಿರುವ ಹಾಗೆ ನೋಡುತ್ತ ಕೂತಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ತಟ್ಟೆ ಇಟ್ಟರೆ ಉಣ್ಣುತ್ತಿದ್ದೆ, ಎತ್ತಿದರೆ ಕೈ ತೊಳೆಯುತ್ತಿದ್ದೆ. ಒಮ್ಮೆ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳಂತೆ. ಮನೆಮಂದಿಯೆಲ್ಲ ತಟ್ಟೆ ಮುಂದಿಟ್ಟುಕೊಂಡು ಗೊಣಗುವಾಗ ನಾನು ಆಗಲೇ ಉಂಡು ಮುಗಿಸಿದ್ದೆ. ಕೂಸು ಅತ್ತರೆ ಪಕ್ಕದ ಖೋಲಿಯಲ್ಲಿ ಅಳುತ್ತಿದೆ ಎನ್ನಿಸುತ್ತಿತ್ತು. ಎತ್ತಿಕೊಳ್ಳುತ್ತಿದ್ದೆ, ಹಾಲು ಕುಡಿಸುತ್ತಿದ್ದೆ, ಇಳಿಸುತ್ತಿದ್ದೆ. ಮಾತೂ ನಿಂತುಹೋಯಿತು. ಆಡಬಾರದೆಂದು ಹಟ ಹಿಡಿದಿದ್ದಲ್ಲ. ನಲ್ಲಿಯಲ್ಲಿ ನೀರು ಬರುವ ಹೊತ್ತು ಮುಗಿದ ಮೇಲೆ ನಲ್ಲಿ ತಿರುಗಿಸಿದರೆ ಏನೂ ಬರುವುದಿಲ್ಲವಲ್ಲ, ಹಾಗೆ.

ಮಗನ ಮಣ್ಣಿಗೆಂದು ಊರಿನಿಂದ ಬಂದ ನನ್ನ ಅತ್ತೆ ಹಾಗೆಯೇ ಉಳಿದಿದ್ದರು. ಮಾವ ಊರಲ್ಲಿ ಹೊಲ ನೋಡಿಕೊಂಡಿದ್ದರು. ಅತ್ತೆಗೆ ಇದ್ದ ಒಬ್ಬ ಮಗ ಹೋಗಿದ್ದ. ದಿನವೆಲ್ಲ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗ್ಯಾಲರಿಯಲ್ಲಿ ಕೂತಿರುವರು. ಅದರ ಮೂಗು, ಅದರ ಕಿವಿ, ಎಲ್ಲ ಮಗನದೇ ಎನ್ನುವರು. ಎಂದು ಮುಗಿಸಿ ನನ್ನ ಮುಖ ನೋಡುವರು.

ದಸರಾ ಹತ್ತಿರ ಬಂದಾಗ ಒಂದು ಸಂಜೆ ಅಣ್ಣನ ಮುಂದೆ ಮಾತು ತೆಗೆದರು.

"ಈಕಿ ಬಾಯಿ ಬಿಡವಲ್ಲಳು. ಕೂಸಿನ ಕೂಡ ಸೈತ ಒಂದು ಮಾತಿಲ್ಲ. ಹಿಂಗ ಬೆಳದ್ರ ಅದೂ ಮೂಗ ಆಗತೈತಿ. ದಸರಾ ಮುಗಿಸಿ ನಾ ಊರಿಗೆ ಒಯ್ತೀನಿ."

"ಅತ್ತೀ, ಗಾಡಿ ಐತಿ, ನಾ ಓಡಸ್ತೀನಿ. ಇವರಿಬ್ಬರಿಗೂ ಅನ್ನಕ್ಕೇನು ಕಮ್ಮಿ ಆಗಂಗಿಲ್ಲ," ಎಂದ ಅಣ್ಣ. "ತಾಯಿ ಇದ್ದಾಗ ಕೂಸಿನ್ನ ಯಾಕ ಒಯ್ತೀರಿ?"

"ತಾಯಿ ಎಲ್ಲಿ ಅದಾಳ, ತೋರಸು."

ಅತ್ತೆ, ಅಣ್ಣ, ವೈನಿ, ಮೂವರೂ ನನ್ನನ್ನು ನೋಡಿದರು. ನೋಡುತ್ತಿದ್ದಾರೆ ಎಂಬುದು ನನಗೆ ತಿಳಿಯಿತು. ಬೇಡ ಅನ್ನಬೇಕು ಎಂಬುದೂ ತಿಳಿಯಿತು. ಅಣ್ಣ ಕಣ್ಣಿನಲ್ಲಿಯೇ "ಅನ್ನು, ಅನ್ನು" ಎಂದು ತಿವಿಯುತ್ತಿದ್ದ. ಬಾಯಿಯ ತನಕ ಏನೂ ಬರಲಿಲ್ಲ.

"ನೋಡಿದೆಲ್ಲ," ಎಂದರು ಅತ್ತೆ. "ಒಪ್ಪಿಗಿ ಐತಿ ಆಕೀದು."

ಅಲ್ಲಿಗೆ ಅದು ತೀರ್ಮಾನವಾಯಿತು. ಕೂಸು ಹೋಗುತ್ತದೆ ಎಂದು ಎಲ್ಲರ ಹಾಗೆ ನಾನೂ ಕೇಳಿಸಿಕೊಂಡೆ.

ಅಣ್ಣನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಯಜಮಾನರು ಹೋದ ಕೆಲವು ದಿನಕ್ಕೆ ಅವನು ಗ್ಯಾರೇಜಿನಿಂದ ಒಂದು ಬೆಂಡಿನ ಹಾಳೆ, ಒಂದು ತಗಡಿನ ಅಚ್ಚು, ತೂತು ಹೊಡೆಯುವ ಪಂಚು, ಸುತ್ತಿಗೆ ತಂದು ನನ್ನ ಮುಂದಿಟ್ಟಿದ್ದ. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಒಂದು ತೊಟ್ಟಿ ಇರುತ್ತದೆ. ಅದನ್ನು ಎಂಜಿನ್ನಿಗೆ ಬಿಗಿಯುವಾಗ ನಡುವೆ ಎಣ್ಣೆ ಸೋರದಂತೆ ಬೆಂಡಿನ ಪಟ್ಟಿ ಕೂರಿಸುತ್ತಾರೆ. ಪ್ಯಾಕಿಂಗ್ ಎನ್ನುತ್ತಾರೆ. ಅಚ್ಚನ್ನು ಹಾಳೆಯ ಮೇಲಿಟ್ಟು, ಅಂಚಿಗೆ ಚಾಕು ಹಿಡಿದು ಕತ್ತರಿಸಿ, ಬೋಲ್ಟು ಬರುವಲ್ಲಿ ತೂತು ಹೊಡೆಯಬೇಕು. ನನ್ನ ಕೈಗೆ ಅದು ಹಿಡಿಯಿತು. ಕೈಗೆ ಮಾತು ಬೇಕಾಗಿರಲಿಲ್ಲ. ಒಮ್ಮೆ ಸುತ್ತಿಗೆ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಪ್ಪಾಗಿದ್ದನ್ನು ವೈನಿ ನೋಡಿ ಕಿರುಚಿದ ಮೇಲೆ ನಾನೂ ನೋಡಿದೆ.

ಸಂಜೆ ಕೆಲಸ ಮುಗಿಸಿ ಬಂದು ಅಣ್ಣ ಎದುರಿಗೆ ಕೂರುವನು. ಕೂತವನು ಎಂಜಿನ್ನಿನ ಸುದ್ದಿ ಹೇಳುವನು. ಬೇರೆ ಸುದ್ದಿ ಅವನ ಹತ್ತಿರ ಇರಲಿಲ್ಲ.

"ಈ ಕೆಳಗಿನ ತೊಟ್ಟಿಗೆ ಚೇಂಬರ್ ಅಂತೀವಿ, ತಂಗಿ. ಎಣ್ಣಿ ಎಲ್ಲಾ ಇದರಾಗ ಕುಂತಿರತೈತಿ. ಕುಂತಲ್ಲೇ ಕುಂತ್ರ ಉಪಯೋಗಿಲ್ಲ, ಮ್ಯಾಲ ಹೋಗಬೇಕು. ಅದಕ್ಕೊಂದು ಪಂಪ್ ಇರತೈತಿ. ಎರಡು ಹಲ್ಲಿನ ಗಾಲಿ, ಇದರ ಹಲ್ಲು ಅದರಾಗ, ಅದರ ಹಲ್ಲು ಇದರಾಗ. ಎಂಜಿನ್ ತಿರಗಿದಂಗ ಅವೂ ತಿರಗತಾವ. ಜಾಳಗಿಯೊಳಗಿಂದ ಎಣ್ಣಿ ಎಳೀತಾವ, ಮ್ಯಾಲ ದಬ್ಬತಾವ. ಫಿಲ್ಟರಿನಾಗ ಕಸ ನಿಂತಕೋತೈತಿ. ಚಂದನ್ನ ಎಣ್ಣಿ ಮುಂದ ಹೋಗತೈತಿ."

ಬೆಂಡಿನ ಚೂರಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸುವನು. ಕಬ್ಬಿಣದ ಒಳಗೇ ಕೊರೆದ ಸಣ್ಣ ದಾರಿಗಳಿವೆ, ಹೊರಗಿನಿಂದ ಕಾಣುವುದಿಲ್ಲ. ಅವುಗಳಲ್ಲಿ ಹರಿದು ಎಣ್ಣೆ ಮೊದಲು ಕ್ರ್ಯಾಂಕಿಗೆ ಹೋಗುತ್ತದೆ. ಎಂಜಿನ್ನಿನ ಬೆನ್ನುಹುರಿಯಂಥ ದಪ್ಪ ದಂಡ ಅದು.

"ಕ್ರ್ಯಾಂಕು ಬೇರಿಂಗಿನ ಮ್ಯಾಲ ಕುಂತಿರತೈತಿ ಅಂತ ಮಂದಿ ತಿಳ್ಕೋತಾರ. ಕುಂತಿರಂಗಿಲ್ಲ. ನಡುವ ಎಣ್ಣಿ ಇರತೈತಿ, ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ. ಅಷ್ಟು ದೊಡ್ಡ ದಂಡ ಅದರ ಮ್ಯಾಲ ತೇಲಕೋಂತ ತಿರಗತೈತಿ. ಕಬ್ಬಿಣಕ್ಕ ಕಬ್ಬಿಣ ಮುಟ್ಟಂಗಿಲ್ಲ. ಮುಟ್ಟಿತೋ, ಕಾದು ಅಂಟಕೊಂಡು ಜಾಮ್. ಅಲ್ಲಿಂದ ಎಣ್ಣಿ ಇನ್ನೂ ಮ್ಯಾಲ, ತುದೀಗೆ, ವಾಲ್ವ್ ಕುಟ್ಟೋ ಜಾಗಾಕ ಹೋಗತೈತಿ. ಅಲ್ಲಿ ತೋಯಿಸಿ, ಸುಮ್ನ ಇಳದು ಮತ್ತ ಚೇಂಬರಿಗೆ ಬರತೈತಿ. ಕೆಳಗ ಬರಾಕ ಯಾರೂ ದಬ್ಬೋದು ಬ್ಯಾಡ."

ವೈನಿ ಒಲೆಯ ಹತ್ತಿರದಿಂದ ಅನ್ನುವಳು: "ಗಂಡನ್ನ ಕಳಕೊಂಡಾಕಿಗೆ ಎಂಜಿನ್ ಪುರಾಣ ಹೇಳಾಕ ಕುಂತಾರ. ಎರಡು ಸಮಾಧಾನದ ಮಾತು ಆಡಬಾರದೇನು?"

"ಅದು ನನಗ ಬರಂಗಿಲ್ಲ. ಬರೋದು ಹೇಳಾಕತ್ತೀನಿ."

"ಆಕಿ ಕೇಳಾಕತ್ತಾಳೋ ಇಲ್ಲೋ."

"ಕೇಳದಿದ್ರ ಎದ್ದು ಹೋಗಾಕಿ," ಎನ್ನುವನು ಅಣ್ಣ. ನನಗೆ ಏಳುವುದೂ ಹೊಳೆಯುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೋ ಏನೋ.

ಹಗಲು ಗ್ಯಾಲರಿಯಲ್ಲಿ ಕೂತು ಪ್ಯಾಕಿಂಗ್ ಕತ್ತರಿಸುವಾಗ ಕೆಳಗೆ ಗ್ಯಾರೇಜಿನಲ್ಲಿ, ಬಿಚ್ಚಿ ಕಟ್ಟಿದ ಎಂಜಿನ್ನುಗಳನ್ನು ಮೊದಲ ಸಲ ಶುರು ಮಾಡುವುದು ಕೇಳುತ್ತಿತ್ತು. ಶುರುವಾದ ಕೂಡಲೇ ಮೇಲುಗಡೆ ಒಣ ಸದ್ದು, ಖಾಲಿ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ಅದು ಅಡಗಿ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಆಗ ಅಣ್ಣ ಕೆಳಗಿನಿಂದಲೇ ಕತ್ತೆತ್ತಿ, "ಕೇಳಿದೇನು? ಎಣ್ಣಿ ಮ್ಯಾಲ ಹೋತು" ಎಂದು ಕೂಗುವನು. ಗಲ್ಲಿಯ ಜನ ಅವನಿಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ನಾನು ತಲೆ ಎತ್ತುತ್ತಿರಲಿಲ್ಲ. ಆದರೆ ಆ ಎರಡು ಸದ್ದುಗಳು ಕಿವಿಯಲ್ಲಿ ಉಳಿದವು. ಒಳಗೆ ಹೋದದ್ದು ಅವೆರಡೇ ಎಂದು ಆಗ ಅನ್ನಿಸಿತ್ತು.

ಖಂಡೇನವಮಿ ಬಂತು. ಟ್ಯಾಕ್ಸಿಯನ್ನು ತೊಳೆದು ಚಾಳಿನ ಮುಂದೆ ನಿಲ್ಲಿಸಿದರು. ಪೂಜೆ ಮಾಡುವವಳು ವೈನಿ. ನಾನು ಹತ್ತಿರ ಹೋಗುವ ಹಾಗಿರಲಿಲ್ಲ, ಮೆಟ್ಟಿಲಿನ ಮೇಲೆ ನಿಂತಿದ್ದೆ. ವೈನಿ ಬಾನೆಟ್ಟಿಗೆ ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳಿಗೆ ನಿಂಬೆಹಣ್ಣು ಇಟ್ಟು, ಬಾಗಿಲು ತೆಗೆದು ಒಳಗೆ ಕೂತಳು. ಕುಂಕುಮ ಕಲಸಿದ ಬಟ್ಟಲು ಅವಳ ಕೈಯಲ್ಲಿ. ಸ್ಟೇರಿಂಗಿಗೆ ಹಚ್ಚಿದಳು, ಗೇರಿಗೆ ಹಚ್ಚಿದಳು, ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ದುಂಡು ಗಾಜು ಇತ್ತು, ಅದಕ್ಕೂ ದಪ್ಪಗೆ ಹಚ್ಚಿದಳು.

"ಅದಕ್ಯಾಕ ಹಚ್ಚಿದಿ? ಎಣ್ಣಿ ದೀಪ ಅದು," ಎಂದ ಅಣ್ಣ.

"ದುಂಡಗ ಹಣಿ ಇದ್ದಂಗ ಐತಿ, ಬರೇದು ಕಾಣತಿತ್ತು."

"ಈಗ ಒರಸಾಕೂ ಬರಂಗಿಲ್ಲ."

"ಒರಸ್ತೀರೇನು ಮತ್ತ, ಹಬ್ಬದ ದಿನ."

ಪೂಜೆಯ ಕುಂಕುಮವನ್ನು ನಮ್ಮಲ್ಲಿ ಕೈಯಾರೆ ಒರೆಸುವುದಿಲ್ಲ. ತಾನಾಗಿ ಒಣಗಿ ಉದುರಬೇಕು. ಅಣ್ಣ ನಕ್ಕು ಬಿಟ್ಟುಬಿಟ್ಟ. ಎಣ್ಣೆಯ ಒತ್ತಡ ಇರುವ ತನಕ ಆ ದೀಪ ಹೇಗೂ ಹತ್ತುವುದಿಲ್ಲ, ಒತ್ತಡ ಇಳಿದರೆ ಮಾತ್ರ ಹತ್ತುತ್ತದೆ; ಅವನ ಕೈಯಲ್ಲಿದ್ದ ಗಾಡಿ ಓಡುತ್ತಿರುವಾಗ ಅದು ಎಂದೂ ಹತ್ತಿರಲಿಲ್ಲ.

ದಸರಾ ಮುಗಿದು ಎರಡು ಮೂರು ದಿನಕ್ಕೆ ಅತ್ತೆ ಹೊರಟರು. ವಿ.ಟಿ. ಸ್ಟೇಷನ್ನಿನಿಂದ ಮಧ್ಯಾಹ್ನದ ಸೋಲಾಪುರದ ರೈಲುಗಾಡಿ, ಅಲ್ಲಿಂದ ಬಿಜಾಪುರ. ಕೂಸಿನ ಅಂಗಿಗಳನ್ನು ವೈನಿ ಮಡಚಿ ಅತ್ತೆಯ ಟ್ರಂಕಿನಲ್ಲಿ ಇಡುವಾಗ ಕಣ್ಣೀರು ಹಾಕಿದಳು. ನಾನು ಅಂಗಿಗಳನ್ನು ಒಂದೊಂದಾಗಿ ಎತ್ತಿಕೊಟ್ಟೆ. ಹಾಲು ಬಿಡಿಸಲು ಅತ್ತೆ ವಾರದಿಂದ ಅದಕ್ಕೆ ರವೆಯ ಗಂಜಿ ತಿನ್ನಿಸುತ್ತಿದ್ದರು. ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದು ನೋವು ಎಂಬುದು ನನಗೆ ತಿಳಿದಿತ್ತು, ಆದರೆ ನೋಯುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಅತ್ತೆ, ಟ್ರಂಕು, ಮಲಗಿದ ಕೂಸು. ಮುಂದೆ ಅಣ್ಣನ ಪಕ್ಕ ನಾನು. ಆ ಸೀಟಿನಲ್ಲಿ ಮೊದಲು ಕೂತಿದ್ದು ಹೆರಿಗೆಗೆ ಆಸ್ಪತ್ರೆಗೆ ಹೋಗುವಾಗ. ಆಗ ಓಡಿಸುತ್ತಿದ್ದವರು ಯಜಮಾನರು. ಅದೂ ನೆನಪಾಯಿತು, ನೆನಪಾಗಿ ಹೋಯಿತು. ನನ್ನ ಕಣ್ಣು ಎಣ್ಣೆ ದೀಪಕ್ಕೆ ವೈನಿ ಹಚ್ಚಿದ ಕುಂಕುಮದ ಬೊಟ್ಟಿನ ಮೇಲೆ ಇತ್ತು. ಎದುರಿಗೇ ಇದ್ದದ್ದು ಅದು. ಒಣಗಿ ಕಪ್ಪಾಗಿತ್ತು, ಅಂಚಿನಲ್ಲಿ ಬಿರುಕು ಬಿಟ್ಟಿತ್ತು.

ರಸ್ತೆಯನ್ನು ಎಲ್ಲೋ ಪೈಪಿಗಾಗಿ ಅಗೆದು ಹಾಗೆಯೇ ಮಣ್ಣು, ಕಲ್ಲು ಬಿಟ್ಟಿದ್ದರು. ಗಾಡಿಯ ಅಡಿಗೆ ಏನೋ ಧಡ್ ಎಂದು ಬಡಿಯಿತು. ಕೂಸು ಬೆಚ್ಚಿತು.

"ನಿಧಾನ ನಡಸಪ್ಪ," ಎಂದರು ಅತ್ತೆ. "ಅದನ್ನ ಎಬ್ಬಿಸಿ ಕಳಸ್ತಿಯೇನು?"

"ನೀವು ಒಯ್ಯಾಕತ್ತೀರಿ, ನಾ ಕಳಸಾಕತ್ತಿಲ್ಲ."

"ಮತ್ತ ಅದನ್ನ ತಗದಿ?"

"ತಗದೆ ಅತ್ತೀ. ವಿ.ಟಿ. ಬರೂತನಕ ತಗೀತೀನಿ. ಕೂಸಿಗೆ ತಾಯಿ ಬೇಕು."

"ನನಗ ನನ್ನ ಮಗ ಬೇಕಾಗಿತ್ತು," ಎಂದರು ಅತ್ತೆ. ಅಣ್ಣ ಸಿಟ್ಟಿನಲ್ಲಿ ಹಾರ್ನು ಒತ್ತಿದ. ಮುಂದೆ ಕೈಗಾಡಿ, ಪಕ್ಕದಲ್ಲಿ ಬಸ್ಸು, ಎಲ್ಲ ಕಡೆ ಗದ್ದಲ. ಅತ್ತೆ ಮತ್ತೆ ಶುರು ಮಾಡಿದರು, ಇವನೂ ಹಿಂದಕ್ಕೆ ಅರ್ಧ ತಿರುಗಿ ಮಾತಾಡುತ್ತಿದ್ದ.

ರೈಲು ಸೇತುವೆಯೊಂದರ ಕೆಳಗೆ ಗಾಡಿ ನುಗ್ಗಿತು. ಹೊರಗಿನ ಬಿಸಿಲು ತಟ್ಟನೆ ಹೋಗಿ ಒಳಗೆಲ್ಲ ಕತ್ತಲಾಯಿತು. ಬೊಟ್ಟಿನ ಬಿರುಕುಗಳು ಕೆಂಪಗೆ ಉರಿಯುತ್ತಿದ್ದವು. ಸುತ್ತಲೂ ತೆಳ್ಳಗೆ ಒಂದು ಕೆಂಪು ಗೆರೆ. ನಾನು ಅದನ್ನೇ ನೋಡಿದೆ. ಸೇತುವೆಯ ಗೋಡೆಗೆ ಬಡಿದು ಎಂಜಿನ್ನಿನ ಸದ್ದು ತಿರುಗಿ ಬರುತ್ತಿತ್ತು: ಡಬ್ಬಿಯಲ್ಲಿ ಕಡಲೆಕಾಳು.

"ಬಂದ್ ಮಾಡು," ಎಂದೆ.

ಅಣ್ಣ ಕೀಲಿ ತಿರುಗಿಸಿದ. ಯಾಕೆ ಎಂದು ಕೇಳಲಿಲ್ಲ. ಗಾಡಿ ತಾನಾಗಿ ಉರುಳಿ ಸೇತುವೆಯಾಚೆ ಫುಟ್‌ಪಾತಿನ ಅಂಚಿಗೆ ಬಂದು ನಿಂತಿತು. ಅವನು ನೋಡಿದ್ದು ಗಾಡಿಯನ್ನಲ್ಲ, ನನ್ನನ್ನು.

"ಯಾರು ಮಾತಾಡಿದ್ರು?" ಎಂದರು ಹಿಂದಿನಿಂದ ಅತ್ತೆ.

ನಾನು ಬೊಟ್ಟಿನ ಕಡೆ ಬೆರಳು ತೋರಿಸಿದೆ. "ಎಣ್ಣಿ ಮ್ಯಾಲ ಹೋಗವಲ್ಲದು."

ಅಣ್ಣ ಇಳಿದು ಗಾಡಿಯ ಕೆಳಗೆ ಮಲಗಿ ನೋಡಿದ. ಹಿಂದೆ, ಸೇತುವೆಯ ಕತ್ತಲೆಯ ತನಕ, ರಸ್ತೆಯ ಮೇಲೆ ಕಪ್ಪು ಗೆರೆ ಬಿದ್ದಿತ್ತು. ಅಗೆದ ಜಾಗದಲ್ಲಿ ಕಲ್ಲು ಬಡಿದು ಚೇಂಬರಿನ ತಳದ ನಟ್ಟು ಸಡಿಲಾಗಿ, ದಾರಿಯಲ್ಲಿ ಕಳಚಿ ಬಿದ್ದಿತ್ತು. ಎಣ್ಣೆ ಎಲ್ಲ ರಸ್ತೆಗೆ. ಅವನು ಎದ್ದು ಬಂದಾಗ ಅಂಗಿಯ ಬೆನ್ನೆಲ್ಲ ಕಪ್ಪಾಗಿತ್ತು. "ಇನ್ನೊಂದು ಸಿಗ್ನಲ್ ದಾಟಿದ್ರ ಎಂಜಿನ್ ಹೋಗತಿತ್ತು," ಎಂದ. ಎಂಜಿನ್ನು ಹೋಗಿದ್ದರೆ ಟ್ಯಾಕ್ಸಿ ಹೋದಂತೆ. ಹೊಸದು ಕಟ್ಟಿಸುವಷ್ಟು ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. "ಇಲ್ಲೇ ಇರ್ರಿ, ನಟ್ಟು, ಎಣ್ಣಿ ತರ್ತೀನಿ," ಎಂದು ಹೇಳಿ ಹಳೆಯ ಸಾಮಾನಿನ ಅಂಗಡಿಗಳ ಕಡೆಗೆ ಓಡಿದ.

ನಾವಿಬ್ಬರು ಹೆಂಗಸರು ಉಳಿದೆವು. ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿದು, ಬಾಗಿಲ ಹತ್ತಿರ ನಿಂತು, ರಸ್ತೆಯ ಮೇಲಿನ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಎಣ್ಣಿ ಇಲ್ದಿದ್ರೂ ಇಲ್ಲೀತನಕ ಬಂತಲ್ಲ. ವಿ.ಟಿ.ಗೆ ಬರತಿರಲಿಲ್ಲೇನು?"

ಅವರು ಗಾಳಿಗೆ ಕೇಳಿದ ಹಾಗೆ ಕೇಳಿದರು. ಉತ್ತರ ಬರುತ್ತದೆ ಎಂದು ಕೇಳಿರಲಿಕ್ಕಿಲ್ಲ.

"ಇಲ್ಲ," ಎಂದೆ. "ಅಂಟಿರೋ ಎಣ್ಣಿ ಇರೂತನಕ ಬರತೈತಿ. ಅದು ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ ಇರತೈತಿ. ಅದರ ಮ್ಯಾಲ ದಂಡ ತೇಲತೈತಿ. ಅದು ಹೋತಂದ್ರ ಕಬ್ಬಿಣಕ್ಕ ಕಬ್ಬಿಣ ಮುಟ್ಟತೈತಿ. ಪಂಪ್ ತಿರಗಾಕತ್ತಿರತೈತಿ, ಎಳಿಯಾಕ ಎಣ್ಣಿ ಇರಂಗಿಲ್ಲ. ಮೊದಲ ತುದೀಗೆ ಒಣಗತೈತಿ, ಅಲ್ಲಿ ಸಪ್ಪಳ ಬರತೈತಿ. ದೀಪ ಹತ್ತತೈತಿ. ಹತ್ತಿದ್ದು ಕಾಣಲಿಲ್ಲ. ವೈನಿ ಕುಂಕುಮ ಹಚ್ಚಿದ್ಲು."

ಅಣ್ಣ ನನ್ನೊಳಗೆ ಹಾಕಿಟ್ಟ ಮಾತುಗಳು ಅವನು ಹಾಕಿದ ಸಾಲಿನಲ್ಲೇ ಹೊರಗೆ ಬಂದವು. ನಡುವೆ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಕೊನೆಯ ಮಾತು ಅವನು ಹಾಕಿದ್ದಲ್ಲ.

"ಅತ್ತೀ, ಕೂಸು ಕೊಡ್ರಿ."

ಅತ್ತೆ ಕೊಡಲಿಲ್ಲ. ಕೂಸಿನ ಬೆನ್ನು ತಟ್ಟುತ್ತ ನನ್ನ ಮುಖವನ್ನೇ ನೋಡಿದರು.

"ಇಷ್ಟು ಮಾತು ಹೊಟ್ಯಾಗ ಇಟ್ಕೊಂಡು ಕುಂತಿದ್ದೇನು ನೀನು?" ಎಂದರು. "ಅವತ್ತ ಬ್ಯಾಡ ಅಂತ ಒಂದು ಮಾತು ಅಂದಿದ್ರ ನಾ ಟಿಕೀಟು ತಗೀತಿದ್ದೆನೇನು? ಬಾಯಿ ಸತ್ತಾಕಿ ಕಡೆ ಹೆಂಗ ಬಿಡ್ಲಿ ಇದನ್ನ? ಅತ್ರ ಕೇಳಂಗಿಲ್ಲ, ನಕ್ರ ನೋಡಂಗಿಲ್ಲ."

"ಇವತ್ತ ಅನ್ನಾಕತ್ತೀನಿ."

"ಅಲ್ಲಿ ಅವರೊಬ್ರ ಕುಂತಾರ, ಮೊಮ್ಮಗಳು ಬರತಾಳ ಅಂತ ತೊಟ್ಲಾ ಇಳಿಸಿರಬೇಕು," ಎಂದರು ಅತ್ತೆ. ಮಾವನ ಬಗ್ಗೆ ಹೇಳುತ್ತಿದ್ದರು. ಒಂದು ಬಸ್ಸು ಹೋಯಿತು, ಅದರ ಹಿಂದೆ ಇನ್ನೊಂದು. "ವರ್ಷಕ್ಕೊಮ್ಮೆರ ಕರ್ಕೊಂಡು ಬರ್ತೀಯೇನು?"

"ಬರ್ತೀನಿ."

"ನನ್ನ ಮುಂದ ಇಟ್ಟು ನೀ ಸುಮ್ಮ ಕುಂದ್ರೋದಾದ್ರ ಬ್ಯಾಡ."

"ಮಾತಾಡ್ತೀನಿ."

ಆಗ ಕೊಟ್ಟರು. ಕೂಸು ಎಚ್ಚರವಾಗಿತ್ತು. ನಿದ್ದೆಯ ಬಿಸಿ, ರವೆಯ ಗಂಜಿಯ ವಾಸನೆ. ನನಗೆ ಅಳು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಭಾರ ಮಾತ್ರ ತಿಳಿಯಿತು. ಇಷ್ಟು ಭಾರ ಇದೆಯಲ್ಲ ಇದು, ಯಾವಾಗ ಇಷ್ಟಾಯಿತು, ಎನ್ನಿಸಿತು. ಅಷ್ಟು ದಿನ ಎತ್ತಿ ಇಳಿಸಿದವಳು ನಾನೇ, ಆದರೂ ಅದರ ಭಾರ ಅವತ್ತೇ ಮೊದಲು ನನ್ನ ಕೈಗೆ ತಿಳಿದದ್ದು.

ಅಣ್ಣ ನಟ್ಟು, ಎಣ್ಣೆಯ ಡಬ್ಬಿ ತಂದ. ಕೂಸು ನನ್ನ ಕೈಯಲ್ಲಿ ಇರುವುದನ್ನು ನೋಡಿದ, ಅತ್ತೆಯನ್ನು ನೋಡಿದ, ಏನೂ ಕೇಳದೆ ಗಾಡಿಯ ಕೆಳಗೆ ಹೋದ. ನಟ್ಟು ಬಿಗಿದು, ಎಣ್ಣೆ ಸುರಿದು, ಕಡ್ಡಿ ಅದ್ದಿ ತೆಗೆದು ಮಟ್ಟ ನೋಡಿ, ಬಂದು ಸ್ಟೇರಿಂಗಿಗೆ ಕೂತ. ನಾವೂ ಒಳಗೆ ಕೂತೆವು. ಅಣ್ಣ ಕೀಲಿಗೆ ಕೈ ಹಾಕಿ ತಡೆದ.

"ದೀಪ ಕಾಣಬೇಕು," ಎಂದ. "ಆದ್ರ ಕುಂಕುಮ ಐತಿ."

ಅವನಿಗೆ ಒರೆಸಲು ಧೈರ್ಯವಿಲ್ಲ. ನಾನು ಮುಟ್ಟುವ ಹಾಗಿಲ್ಲ. ಅತ್ತೆ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಸೆರಗಿನ ತುದಿಗೆ ಎಂಜಲು ಹಚ್ಚಿ, ಆ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದರು. "ದೇವರಿಗೂ ಕಾಣಲಿ," ಎಂದರು.

ಅಣ್ಣ ಕೀಲಿ ಅರ್ಧ ತಿರುಗಿಸಿದ. ಕೆಂಪು ದೀಪ ಹತ್ತಿತು. ಶುರು ಮಾಡಿದ. ಮೇಲುಗಡೆ ಕಡಲೆಕಾಳಿನ ಸದ್ದು. ಮೂವರೂ ಆ ದುಂಡು ಗಾಜನ್ನೇ ನೋಡುತ್ತ ಕೂತೆವು. ಸದ್ದು ಮೆಲ್ಲಗೆ ಅಡಗಿತು. ದೀಪ ಆರಿತು.

"ಎಣ್ಣಿ ಮ್ಯಾಲ ಹೋತು," ಎಂದರು ಅತ್ತೆ.

ಸೋಲಾಪುರದ ಗಾಡಿ ಅಷ್ಟು ಹೊತ್ತಿಗೆ ಹೋಗಿತ್ತು. ತಿರುಗಿ ಬೈಕುಲ್ಲಾಕ್ಕೇ ಬಂದೆವು. ಅತ್ತೆ ಮರುದಿನ ಹೋಗುತ್ತೇನೆ ಎಂದವರು ದೀಪಾವಳಿಯ ತನಕ ಉಳಿದರು. ನನ್ನ ಎದುರಿಗೆ ಕೂತು ಪ್ಯಾಕಿಂಗಿಗೆ ತೂತು ಹೊಡೆದರು, ಹೊಡೆದದ್ದರಲ್ಲಿ ಅರ್ಧ ಸೊಟ್ಟ. ಆಮೇಲೆ ಒಬ್ಬರೇ ಹೋದರು. ನನ್ನ ಆ ಜಡತನ ಒಂದೇ ದಿನಕ್ಕೆ ಹೋಯಿತೆಂದು ಯಾರೂ ತಿಳಿಯಬೇಡಿ. ವರ್ಷಗಟ್ಟಲೆ ಇತ್ತು. ಆದರೆ ದಿನಕ್ಕೊಂದು ಸಲ ಕೂಸಿನ ಜೊತೆ ಮಾತಾಡುತ್ತಿದ್ದೆ, ಆಡುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ. ಏನು ಆಡುವುದೆಂದು ತಿಳಿಯದೆ ಚೇಂಬರು, ಪಂಪು, ಜಾಳಿಗೆ ಎಂದು ಅದನ್ನೇ ಹೇಳುತ್ತಿದ್ದೆ. ಅದು ನಗುತ್ತಿತ್ತು. ವರ್ಷಕ್ಕೊಮ್ಮೆ ಬಿಜಾಪುರಕ್ಕೆ ಹೋದೆವು, ಅತ್ತೆ ಇರುವ ತನಕ ಒಂದು ವರ್ಷವೂ ತ‍ಪ್ಪಲಿಲ್ಲ. ಹೋದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದದ್ದು ಟ್ಯಾಕ್ಸಿಯ ಬಗ್ಗೆ.

ಈಗ ಖುಷಿಯ ಮಾತು. ಈ ಸಲದ ದಸರೆಗೆ ಕಾರಿನ ಪೂಜೆ. ಮಗಳು ಆರತಿ ತಟ್ಟೆ ತಂದಳು. ಮೊಮ್ಮಗಳು ಅವಳ ಕೈಯಿಂದ ಕುಂಕುಮದ ಬಟ್ಟಲು ತೆಗೆದುಕೊಂಡು ನೇರ ನನ್ನ ಕೈಗೆ ಕೊಟ್ಟಳು.

"ಅಜ್ಜಿ, ತೂ ಲಗಾ. ನೀನೇ ಹಚ್ಚು."

"ನಾ ಹಚ್ಚಬಾರದವ್ವಾ."

"ಕ್ಯೂಂ? ಕಾರ್ ನನ್ನದು. ನಾನು ಹೇಳ್ತೇನೆ, ಹಚ್ಚು."

ಬಿಲ್ಡಿಂಗಿನ ಹೆಂಗಸರು ನೋಡುತ್ತಿದ್ದರು. ಮಗಳು ತಲೆ ಆಡಿಸಿದಳು. ಬೆರಳು ಬಟ್ಟಲಿಗೆ ಅದ್ದಿದೆ. ಅಷ್ಟು ವರ್ಷಗಳ ಮೇಲೆ ತಣ್ಣಗೆ ಹತ್ತಿತು. ಬಾನೆಟ್ಟಿಗೆ ಹಚ್ಚಿದೆ, ನಾಲ್ಕೂ ಗಾಲಿಗೆ ಹಚ್ಚಿದೆ, ಒಳಗೆ ಕೂತು ಸ್ಟೇರಿಂಗಿಗೆ, ಗೇರಿಗೆ ಹಚ್ಚಿದೆ. ಬೆರಳಿನಲ್ಲಿ ಇನ್ನೂ ಉಳಿದಿತ್ತು. ಮೊಮ್ಮಗಳು ಗಿಂಡಿ ದೀಪದ ಗಾಜಿನ ಕಡೆ ತೋರಿಸಿ, "ಇಲ್ಲಿ?" ಎಂದಳು.

"ಅಲ್ಲಿ ಬ್ಯಾಡ," ಎಂದೆ. ಉಳಿದದ್ದನ್ನು ಅವಳ ಹಣೆಗೆ ಹಚ್ಚಿದೆ.